ದಾರವಿಲ್ಲದ ಡೆಸ್ಕ್‌ಟಾಪ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೊದಲ ವಾರ ನಾನು ಚಾಚಾ ಅವರಿಗೆ ಬೇಕಂತಲೇ ಕೆಟ್ಟದಾಗಿ ಪಾಠ ಹೇಳಿದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಕೊಟ್ಟೂರಿನ ಒಂದು ಹಳೆಯ ಪ್ರಿಂಟಿಂಗ್ ಪ್ರೆಸ್ಸಿಗೆ ಕಂಪ್ಯೂಟರ್ ಬಂದಿತ್ತು. ನಾನು ನಮ್ಮೂರು ಹಗರಿಬೊಮ್ಮನಹಳ್ಳಿಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿ, ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಕವಚ ಹಾಕಿಸಿಕೊಂಡು ಮನೆಯಲ್ಲಿ ಕೂತಿದ್ದೆ. ಯುಗಾದಿಯೊಳಗೆ ನೌಕರಿ ಸಿಗದಿದ್ದರೆ ಗಂಡು ಹುಡುಕುತ್ತೇನೆಂದು ಅಪ್ಪ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಪ್ರೆಸ್ಸಿನ ಮಾಲೀಕರಿಂದ ಕರೆ ಬಂತು. ಊರಲ್ಲೆಲ್ಲ ಅವರನ್ನು ಧಣಿ ಎನ್ನುತ್ತಿದ್ದರು. ದುಂಡು ಮುಖ, ಹಣೆಯ ತುಂಬ ವಿಭೂತಿ, ಮಾತು ಮಾತ್ರ ನೇರ.

"ನೋಡವ್ವ ತಂಗಿ," ಎಂದರು ಮೊದಲ ದಿನವೇ. "ನಮ್ಮ ಸಾಹೇಬ್ರು ಮೂವತ್ತು ವರ್ಷದಿಂದ ಇಲ್ಲಿ ಮೊಳಿ ಜೋಡಸ್ತಾರ. ಯುಗಾದಿ ತನಕ ಅವರಿಗೆ ಇದನ್ನ ಕಲಸು. ಅವರು ಕಲಿತ್ರ ಈ ಕುರ್ಚಿ ಅವರದು. ಕಲೀಲಿಲ್ಲಂದ್ರ ನೀನ ಕುಂದ್ರು. ಕಂಪ್ಯೂಟರ್ ಒಂದ ಐತಿ, ಕುರ್ಚಿನೂ ಒಂದ ಐತಿ."

ಸಾಹೇಬರೆಂದರೆ ಚಾಚಾ. ಊರಿನ ಹಿರಿಯ ಕಂಪೋಸಿಟರ್. ಸೀಸದ ಅಕ್ಷರಗಳಿಗೆ ಪ್ರೆಸ್ಸಿನಲ್ಲಿ ಮೊಳೆ ಎನ್ನುತ್ತಾರೆ. ಆ ಮೊಳೆಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿ, ಊರಿನ ಅರ್ಧ ಜನರ ಮದುವೆ ಕಾರ್ಡುಗಳನ್ನು ಅವರೇ ಮಾಡಿದ್ದರು. ಬಿಳಿ ಗಡ್ಡ, ಕಪ್ಪಾದ ಬೆರಳ ತುದಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಅವರು ಕಲಿತರೆ ನಾನು ಮನೆಗೆ, ಕಲಿಯದಿದ್ದರೆ ಅವರು ಮನೆಗೆ. ಹೀಗಿರುವಾಗ ಯಾವ ಪುಣ್ಯಾತ್ಗಿತ್ತಿ ಮನಸ್ಸಿಟ್ಟು ಕಲಿಸುತ್ತಾಳೆ ಹೇಳಿ? ನಾನಂತೂ ಅಲ್ಲ.

ಕಂಪ್ಯೂಟರಿನ ಪರದೆಯೂ ನನ್ನ ಪರವಾಗಿಯೇ ಇತ್ತು. ದಾವಣಗೆರೆಯಿಂದ ಅದನ್ನು ತಂದು ಜೋಡಿಸಿದವನು ತನ್ನಲ್ಲಿದ್ದುದನ್ನೆಲ್ಲ ಅದರೊಳಗೆ ತುಂಬಿ ಹೋಗಿದ್ದ. ಇಸ್ಪೀಟಾಟ, ಕಾರ್ ಓಡಿಸುವ ಆಟ, ಜಾತಕ ಬರೆಯುವುದು, ಇಂಗ್ಲಿಷ್ ನಿಘಂಟು, ಇನ್ನೂ ಏನೇನೋ. ಪರದೆಯ ಮೇಲೆ ನಲವತ್ತಕ್ಕೂ ಮಿಕ್ಕಿ ಚಿತ್ರಗಳು. ಹಿಂದುಗಡೆ ಧಣಿ ಹಾಕಿಸಿದ ಕೆಂಪು ಗುಲಾಬಿ ತೋಟ. ಆ ತೋಟದಲ್ಲಿ ನಾವು ಕನ್ನಡ ಅಚ್ಚು ಮಾಡುವ ಚಿತ್ರವನ್ನು ಹುಡುಕಬೇಕಿತ್ತು.

"ಇದೇನು ಬೇಟಿ, ಸೋಮವಾರದ ಸಂತಿನಾ?" ಎಂದರು ಚಾಚಾ.

"ಹಂಗ ಇರತೈತ್ರಿ ಕಂಪ್ಯೂಟರ್ ಅಂದ್ರ," ಎಂದೆ ನಾನು, ದೊಡ್ಡ ಪಂಡಿತೆಯ ಹಾಗೆ.

ಅವರ ಪ್ರಶ್ನೆಗಳು ವಿಚಿತ್ರವಾಗಿರುತ್ತಿದ್ದವು. ಎರಡನೆಯ ದಿನವೋ ಮೂರನೆಯ ದಿನವೋ, "ಇದರಾಗ ಟ ಒತ್ತು ಎಷ್ಟು ಅದಾವ?" ಎಂದು ಕೇಳಿದರು. ನನಗೆ ಊಟದ ಹೊತ್ತು, ಹಸಿವು, ಜೊತೆಗೆ ಹುಟ್ಟಿನಿಂದ ಬಂದ ಸಿಟ್ಟು. "ನಿಮ್ಮ ಮೊಳಿ ಕೇಸಿನ್ಯಾಗ ಎಷ್ಟು ಅದಾವೋ ಅಷ್ಟ ಅದಾವ್ರಿ," ಎಂದು ಹೇಳಿ ಡಬ್ಬಿ ಬಿಚ್ಚಲು ಹೋದೆ. ಅವರು ತಲೆಯಾಡಿಸಿ, ಅದನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಈ ಮಾತನ್ನು ನೀವೂ ನೆನಪಿಟ್ಟುಕೊಳ್ಳಿ. ನಾನು ಮರೆತೆ, ಅನುಭವಿಸಿದೆ.

ನೋಟುಬುಕ್ ಅಂದೆನಲ್ಲ. ನೂರು ಹಾಳೆಯ ಪುಸ್ತಕ. ಅದರಲ್ಲಿ ಅವರು ಪರದೆಯ ಚಿತ್ರಗಳನ್ನೆಲ್ಲ ಪೆನ್ಸಿಲಿನಲ್ಲಿ ಬಿಡಿಸಿಕೊಂಡಿದ್ದರು. ಮೇಲಿನಿಂದ ಐದನೆಯದು, ಎಡದಿಂದ ಮೂರನೆಯದು, ಅದನ್ನು ಒತ್ತಿದರೆ ಕನ್ನಡ. ಮನೆಯಲ್ಲಿ ಕೂತು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಒಂದು ದಿನ ಧಣಿ ಆ ಪರದೆಯ ಮೇಲೆ ಎಲ್ಲೋ ಒತ್ತಿದ್ದರಿಂದ ಚಿತ್ರಗಳೆಲ್ಲ ತಾವೇ ಸಾಲುಗಟ್ಟಿ ಬೇರೆ ಬೇರೆ ಜಾಗಕ್ಕೆ ಹೋಗಿ ನಿಂತವು. ಚಾಚಾ ಬಂದು ಐದನೆಯ ಸಾಲಿನ ಮೂರನೆಯದನ್ನು ಒತ್ತಿದರು. ಕಾರ್ ಓಡತೊಡಗಿತು. ಕೀಲಿಮಣೆಯಲ್ಲಿ ಯಾವ ಗುಂಡಿ ಒತ್ತಿದರೂ ಕಾರ್ ಗೋಡೆಗೆ ಗುದ್ದುತ್ತಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ನೋಟುಬುಕ್ ಮುಚ್ಚಿ, ಎದ್ದು, ಮೂಲೆಯಲ್ಲಿದ್ದ ತಮ್ಮ ಮರದ ಕೇಸಿನ ಮುಂದೆ ಹೋಗಿ ನಿಂತರು. ಕೇಸೆಂದರೆ ಮೊಳೆ ಇಡುವ ಖಾನೆ ಖಾನೆಯ ಮರದ ತಟ್ಟೆ.

"ಈ ಕೇಸು ಯಾರೂ ಮುಟ್ಟಂಗಿಲ್ಲ ಬೇಟಿ," ಎಂದರು. "ಯಾಕಂದ್ರ ನನ್ನ ಕಣ್ಣು ಮುಖದಾಗ ಇಲ್ಲ, ಕೈಯಾಗ ಅದಾವ. ಖಾನಿ ಬದಲಾತು ಅಂದ್ರ ನಾನು ಕುರುಡ."

ಅಂದು ಸಂಜೆ ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿಯವರೆಗೂ ನನಗೆ ನಾಚಿಕೆಯಾಗುತ್ತಲೇ ಇತ್ತು. ಕುರ್ಚಿ ಬೇಕಿತ್ತು ನಿಜ. ಆದರೆ ಹೀಗೆ ಬೇಡವೆನಿಸಿತು. ಅಷ್ಟೇ ಅಲ್ಲ, ಅವರು ಹೇಳಿದ್ದು ಸರಿ ಇತ್ತು. ಕೀಲಿಮಣೆಯ ಮೇಲೆ ನಾನು ಅಂಟಿಸಿದ್ದ ಕನ್ನಡ ಅಕ್ಷರಗಳನ್ನು ಅವರು ಆಗಲೇ ನೋಡದೆ ಒತ್ತುತ್ತಿದ್ದರು, ಏಕೆಂದರೆ ಅವು ಇದ್ದ ಜಾಗ ಬಿಟ್ಟು ಕದಲುತ್ತಿರಲಿಲ್ಲ. ತೊಂದರೆ ಅವರದಲ್ಲ, ಆ ಗುಲಾಬಿ ತೋಟದ್ದು.

ಮರುದಿನದಿಂದ ಎರಡು ದಿನ ನಾನು ಏನೂ ಕಲಿಸಲಿಲ್ಲ. ಸ್ಟೂಲ್ ಹಾಕಿಕೊಂಡು ಚಾಚಾ ಕೆಲಸ ಮಾಡುವುದನ್ನೇ ನೋಡುತ್ತ ಕೂತೆ. ಕೇಸು ಅಕ್ಷರಮಾಲೆಯ ಕ್ರಮದಲ್ಲಿರಲಿಲ್ಲ. ಹೆಚ್ಚು ಬೇಕಾದುದು ಕೈಗೆ ಹತ್ತಿರ, ಅಪರೂಪಕ್ಕೆ ಬೇಕಾದುದು ದೂರ. ಋ ಒಂದು ಮೂಲೆಯಲ್ಲಿ ಸನ್ಯಾಸಿಯಂತೆ ಕೂತಿತ್ತು. ಟ ಒತ್ತಿಗೆ ಮಾತ್ರ ಎದೆಯ ಮುಂದೆಯೇ ಖಾನೆ.

"ಬ್ಯಾರೆ ಊರಾಗ ಇದಕ್ಕ ಇಷ್ಟು ಮರ್ಯಾದಿ ಇಲ್ಲ," ಎಂದರು ಚಾಚಾ. "ನಮ್ಮ ಊರಾಗ ಕಾರ್ಡಿನ ತಲಿ ಮ್ಯಾಲ ಕೊಟ್ಟೂರೇಶ್ವರ ಪ್ರಸನ್ನ. ಒಳಗ ವಾಸ ಕೊಟ್ಟೂರು. ಅರ್ಧ ಮಂದಿ ಹೆಸರು ಕೊಟ್ಟೂರೇಶ. ಸೀಜನ್ ಬಂತಂದ್ರ ಮೊದಲು ಮುಗಿಯೋದು ಕೊ ಮತ್ತ ಒತ್ತು. ಒಂದು ಕಾರ್ಡ್ ಅಚ್ಚಾದ ಕೂಡಲೇ ಬಿಚ್ಚಬೇಕು. ಬಿಚ್ಚಲಿಲ್ಲಂದ್ರ ಮುಂದಿನ ಮದುವಿಗೆ ದೇವರಿಲ್ಲ."

ಬಿಚ್ಚುವುದೆಂದರೆ, ಅಚ್ಚಾದ ಮೇಲೆ ಜೋಡಿಸಿದ ಮೊಳೆಗಳನ್ನೆಲ್ಲ ಒಂದೊಂದಾಗಿ ಅವುಗಳ ಖಾನೆಗೆ ವಾಪಸು ಹಾಕುವುದು. ಅದನ್ನು ಅವರು ಅಕ್ಷರಗಳನ್ನು ಬಾಯಲ್ಲಿ ಗುನುಗುತ್ತ, ಕೇಸಿನ ಕಡೆ ಕಣ್ಣೂ ಹಾಯಿಸದೆ ಮಾಡುತ್ತಿದ್ದರು. ಸೀಸ ಮರಕ್ಕೆ ಬೀಳುವ ಟಿಕ್ ಟಿಕ್ ಸದ್ದು ಕೇಳುತ್ತ ನನಗೆ ತೂಕಡಿಕೆ ಬರುತ್ತಿತ್ತು.

ಮೂರನೆಯ ದಿನ ನಾನು ಗುಲಾಬಿ ತೋಟ ಕಡಿದೆ. ಪರದೆಗೆ ಮರದ ಬಣ್ಣ ಬಳಿದು, ಅದರ ಮೇಲೆ ಗೆರೆ ಎಳೆದು ನಾಲ್ಕೇ ನಾಲ್ಕು ಖಾನೆ ಮಾಡಿದೆ. ನಡುವೆ "ಕೇಸು": ಅದನ್ನು ಒತ್ತಿದರೆ ಖಾಲಿ ಹಾಳೆ ತೆರೆದು ಕನ್ನಡ ಸಿದ್ಧ. ಬಲಕ್ಕೆ "ಗ್ಯಾಲಿ": ಪ್ರೆಸ್ಸಿನಲ್ಲಿ ಜೋಡಿಸಿದ ಸಾಲುಗಳನ್ನಿಡುವ ತಟ್ಟೆಯ ಹೆಸರು ಅದು, ಇಲ್ಲಿ ಎಲ್ಲ ಕಾರ್ಡುಗಳೂ ಅದರೊಳಗೆ. ಮೇಲೆ "ಪ್ರೂಫ್": ಪ್ರಿಂಟ್ ತೆಗೆಯಲು. ಕೆಳಗೆ ಎಡಕ್ಕೆ, ಚಾಚಾ ಅವರ ಕಾಲ ಬಳಿ ಸವೆದ ಮೊಳೆಗಳ ಡಬ್ಬಿ ಇರುತ್ತಿದ್ದ ಕಡೆಗೆ, ಕಂಪ್ಯೂಟರಿನ ಕಸದ ಬುಟ್ಟಿಯನ್ನು ತಂದಿಟ್ಟು "ಮುರುಕು ಡಬ್ಬಿ" ಎಂದು ಹೆಸರು ಕೊಟ್ಟೆ. ಮಿಕ್ಕ ನಲವತ್ತನ್ನೂ ಒಂದು ಮೂಟೆ ಕಟ್ಟಿ ಕಣ್ಣಿಗೆ ಬೀಳದ ಕಡೆ ಎಸೆದೆ. ಚಿತ್ರಗಳು ತಾವಾಗಿ ಸಾಲುಗಟ್ಟುವ ಚಾಳಿಯನ್ನೂ ನಿಲ್ಲಿಸಿದೆ.

ಧಣಿಗೆ ಇದು ಸರಿಬರಲಿಲ್ಲ. "ತುಂಬಿದ ಮನಿ ಇದ್ದಂಗಿತ್ತಲ್ಲವ್ವ! ಈಗ ನೋಡಿದ್ರ ಬಾಡಿಗಿಯವ್ರು ಖಾಲಿ ಮಾಡಿ ಹೋದಂಗ ಕಾಣತೈತಿ. ಬಂದ ಗಿರಾಕಿ ಏನಂದಾರು?"

ಚಾಚಾ ಮಾತ್ರ ಕುರ್ಚಿಯಲ್ಲಿ ಕೂತು, ಕೈಯನ್ನು ಒಂದು ಸಲ ಪರದೆಯ ಎದುರು ಆಡಿಸಿ, "ಈಗ ಇದು ಮಾತು ಕೇಳತೈತಿ" ಎಂದರು. ಒಂದು ತಿಂಗಳೊಳಗೆ ಅವರು ನನಗಿಂತ ಬೇಗ ಕಾರ್ಡ್ ಜೋಡಿಸತೊಡಗಿದರು. ನಾನು ಅವರಿಗೆ ಕೊಟ್ಟ ಮಂತ್ರ ಒಂದೇ: ಏನೇ ಮಾಡಿದರೂ ಕೊನೆಗೆ ಸೇವ್ ಒತ್ತಬೇಕು. ಅದನ್ನು ನಮಾಜಿನಷ್ಟೇ ನಿಷ್ಠೆಯಿಂದ ಪಾಲಿಸಿದರು.

ಕಂಪ್ಯೂಟರ್ ತಂದ ಉಮೇದಿನಲ್ಲಿ ಧಣಿ ಬಾಗಿಲಿಗೆ ಒಂದು ಬೋರ್ಡ್ ತೂಗುಹಾಕಿದ್ದರು: "ಬಿಟ್ಟುಹೋದ ಬೀಗರ ಹೆಸರುಗಳನ್ನು ಕೂಡಲೇ ಸೇರಿಸಿಕೊಡಲಾಗುವುದು." ಇದರ ಬೆಲೆ ನಮ್ಮ ಕಡೆಯವರಿಗೆ ಮಾತ್ರ ಗೊತ್ತು. ಮದುವೆ ಕಾರ್ಡಿನ ಕೆಳಗೆ ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಒಬ್ಬ ಸೋದರಮಾವ ಬಿಟ್ಟುಹೋದರೆ ಅವನು ಮೂರು ಮದುವೆಗಳವರೆಗೆ ಮಾತು ಬಿಡುತ್ತಾನೆ. ಮೊಳೆಯ ಕಾಲದಲ್ಲಿ ಬಿಟ್ಟವನು ಬಿಟ್ಟಂತೆಯೇ, ಪೆನ್ನಿನಲ್ಲಿ ಬರೆದು ಕೈಮುಗಿಯಬೇಕಿತ್ತು. ಈಗ ಗ್ಯಾಲಿಯಿಂದ ಕಾರ್ಡ್ ತೆಗೆದು, ಮಾವನನ್ನು ಸೇರಿಸಿ, ಮತ್ತೆ ಐವತ್ತು ಪ್ರತಿ ತೆಗೆದರಾಯಿತು.

ಹಾಗೆ ಬಿಟ್ಟುಹೋದ ಮೊದಲ ಮಾವನ ಕಡೆಯವರು ಬಂದರು. ಗ್ಯಾಲಿ ತೆರೆದೆ. ಕಾರ್ಡಿನ ಹೆಸರಿತ್ತು. ಒತ್ತಿದೆ. ಖಾಲಿ ಹಾಳೆ.

"ಹೆಸರು ಐತಿ, ಮದುವಿ ಇಲ್ಲ!" ಎಂದು ಧಣಿ ಕೂಗಿದರು.

"ಅದು ಮುಗಿದ ಕೆಲಸ ಅಲ್ಲೇನ್ರಿ, ಬಿಚ್ಚಿದ್ದಾತು. ಮತ್ತ ಜೋಡಿಸಿ ಕೊಡ್ತೀನಿ ತಡೀರಿ," ಎಂದರು ಚಾಚಾ. ಏನೋ ಹಳೆಯ ಮೊಳೆಯ ಮಾತು ಆಡುತ್ತಿದ್ದಾರೆಂದು ನಾವಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ಅರ್ಧ ಗಂಟೆಯಲ್ಲಿ ಹೊಸದಾಗಿ ಜೋಡಿಸಿಕೊಟ್ಟರು. ವಾರ ಕಳೆಯುವುದರೊಳಗೆ ಇನ್ನೊಂದು ಖಾಲಿ. ಆಮೇಲೆ ಮತ್ತೊಂದು.

ದಾವಣಗೆರೆಯವನನ್ನು ಕರೆಸಿದರು. ಅವನು ಗಂಭೀರವಾಗಿ ಏನೇನೋ ಒತ್ತಿ, ವೈರಸ್ ಎಂದ. "ಹಂಗಂದ್ರ ಹುಳ," ಎಂದು ಧಣಿಗೆ ನಾನೇ ಬಿಡಿಸಿ ಹೇಳಿದೆ. ಮರುದಿನ ನೋಡಿದರೆ ಕಂಪ್ಯೂಟರಿನ ಸುತ್ತ ಧಣಿ ಗೆದ್ದಲಿನ ಪುಡಿ ಉದುರಿಸಿದ್ದರು. ನಾನಂತೂ ಬುದ್ಧಿವಂತೆ, ದಿನಾ ಸಂಜೆ ಐದಕ್ಕೆ ಎಲ್ಲ ಕಾರ್ಡುಗಳನ್ನೂ ಫ್ಲಾಪಿಗೆ ಕಾಪಿ ಮಾಡತೊಡಗಿದೆ. ಆಮೇಲೆ ಫ್ಲಾಪಿ ತೆರೆದರೆ ಅದರಲ್ಲೂ ಖಾಲಿ. ಖಾಲಿ ಹಾಳೆಗಳನ್ನೇ ಭದ್ರವಾಗಿ ಕಾಪಿ ಮಾಡಿ, ಡಬ್ಬಿಯಲ್ಲಿಟ್ಟು ಬೀಗ ಹಾಕಿದ್ದೆ.

ಧಣಿ ನನ್ನನ್ನು ಹೊರಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ಹುಳಾನೋ, ಸಾಹೇಬ್ರ ಕೈಗುಣಾನೋ, ನನಗ ತಿಳೀವಲ್ದು. ಇನ್ನೊಂದು ಕಾರ್ಡ್ ಹೋತಂದ್ರ ಅವರು ಮನಿಗೆ. ನೀನ ಕುಂದ್ರು."

ಯುಗಾದಿಗೆ ಹತ್ತು ದಿನವಿತ್ತು. ಖುಷಿಯಾಗಲಿಲ್ಲವೆಂದರೆ ಸುಳ್ಳಾದೀತು. ಆಯಿತು.

ಅದರ ಮರುದಿನ ಮಧ್ಯಾಹ್ನ ಊಟ ಮುಗಿಸಿ, ಡಬ್ಬಿ ತೊಳೆದುಕೊಂಡು ಒಳಗೆ ಬಂದೆ. ಕಂಪ್ಯೂಟರಿನ ಮುಂದೆ ಚಾಚಾ ಕೂತಿದ್ದರು. ಬೆನ್ನು ನನ್ನ ಕಡೆಗಿತ್ತು. ಬಾಯಲ್ಲಿ ಗುನುಗು: ರು, ವ, ವ, ಸು, ಯ, ಬ. ಬಲಗೈ ಬೆರಳು ಅಳಿಸುವ ಗುಂಡಿಯ ಮೇಲೆ, ಟಿಕ್, ಟಿಕ್, ಟಿಕ್. ಬೆಳಿಗ್ಗೆಯಷ್ಟೇ ಅಚ್ಚಾದ ಕಾರ್ಡ್ ಕೆಳಗಿನಿಂದ ಮೇಲಕ್ಕೆ ಮಾಯವಾಗುತ್ತ ಬರುತ್ತಿತ್ತು. ಅಜ್ಜಂದಿರು ಹೋಗಿದ್ದರು, ಮಾವಂದಿರು ಹೋಗಿದ್ದರು, ಬೀಗರೂ ಹೋಗಿದ್ದರು.

"ಚಾಚಾ! ಏನು ಮಾಡಾಕತ್ತೀರಿ?"

"ಬಿಚ್ಚಾಕತ್ತೀನಿ," ಎಂದರು, ಇದೇನು ಕೇಳುವ ಮಾತೇ ಎನ್ನುವಂತೆ.

"ಯಾಕ್ರಿ?"

"ನಾಳಿ ಹಂಪಸಾಗರದವ್ರ ಕಾರ್ಡ್ ಐತಿ. ಅವರ ಮನ್ಯಾಗ ಮೂರು ಮಂದಿ ಕೊಟ್ಟೂರೇಶ ಅದಾರ. ಟ ಒತ್ತು ಎಲ್ಲಿಂದ ತರ್ಲಿ? ನನ್ನ ಕೇಸಿನ್ಯಾಗ ಇದ್ದಷ್ಟ ಇದರಾಗೂ ಅದಾವ ಅಂತ ನೀನ ಹೇಳಿದ್ದಿ. ಬರಕೊಂಡೀನಿ ನೋಡು." ನೋಟುಬುಕ್ ತೆರೆದು ತೋರಿಸಿದರು. ಬರೆದಿದ್ದು ನಿಜ.

ನಾನು ಪರದೆಯನ್ನು ಕೇಸಿನಂತೆ ಮಾಡಿದೆ. ಹೆಸರೂ ಕೇಸು ಎಂದೇ ಇಟ್ಟೆ. ಮೂವತ್ತು ವರ್ಷ ಕೇಸಿನ ಮುಂದೆ ನಿಂತವರು ಕೇಸಿನೊಂದಿಗೆ ಏನು ಮಾಡಬೇಕೋ ಅದನ್ನೇ ಮಾಡಿದರು. ಮಾಡಿ, ನಾನು ಹೇಳಿದಂತೆಯೇ ಸೇವ್ ಒತ್ತಿದರು. ಕಡೆಗೆ ಆ ಕಾರ್ಡುಗಳನ್ನು ಮುರುಕು ಡಬ್ಬಿಗಾದರೂ ಹಾಕಿದ್ದರೆ ಅಲ್ಲಿಂದ ಎತ್ತಿಕೊಳ್ಳಬಹುದಿತ್ತು. ಆದರೆ ಅವರ ಅಕ್ಷರಗಳು ಮುರಿದಿರಲಿಲ್ಲವಲ್ಲ, ಹಾಗಾಗಿ ಅಲ್ಲಿಗೆ ಒಂದನ್ನೂ ಹಾಕಿರಲಿಲ್ಲ. ಅವರು ಒಂದೂ ತಪ್ಪು ಮಾಡಿರಲಿಲ್ಲ. ಗೆದ್ದಲಿನ ಪುಡಿಯನ್ನು ನನ್ನ ಸುತ್ತ ಉದುರಿಸಬೇಕಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಧಣಿಯ ಹಿಂದೆ ಮದುಮಗಳ ಅಪ್ಪ, ಅವರ ಹಿಂದೆ ರುಮಾಲು ಸುತ್ತಿದ, ಮೀಸೆ ತಿರುವಿದ ಒಬ್ಬ ಹಿರಿಯರು. ಚಿಗಟೇರಿಯ ಸೋದರಮಾವ. ಬಿಟ್ಟುಹೋದ ಮಾವಂದಿರು ಸಾಮಾನ್ಯವಾಗಿ ಯಾರನ್ನಾದರೂ ಕಳಿಸುತ್ತಾರೆ. ಇವರು ಖುದ್ದಾಗಿ ಬಂದಿದ್ದರು. ಕಾರ್ಡ್ ಇದೇ, ಪರದೆಯ ಮೇಲೆ ಅರ್ಧ ಉಳಿದಿದ್ದುದು.

"ಕಾಲುಂಗ್ರ ತರಾಕ ನಾನು ಬೇಕು, ಕಾರ್ಡಿನ್ಯಾಗ ನಾನು ಬ್ಯಾಡ!" ಎನ್ನುತ್ತಿದ್ದರು ಮಾವ. "ಎಲ್ಲೈತಿ ತೋರಸ್ರಿ, ಯಾರ್ಯಾರನ್ನ ಹಾಕೀರಿ ನೋಡೇಬಿಡ್ತೀನಿ!"

ಎಲ್ಲರೂ ಪರದೆಯತ್ತ ಬಗ್ಗಿದರು. ಅಲ್ಲಿ ದೇವರು, ಮದುಮಗ, ಅರ್ಧ ಮದುಮಗಳು ಇದ್ದರು. ಬೇರೆ ಯಾರೂ ಇರಲಿಲ್ಲ. ಮಾವ ತುಸು ತಣ್ಣಗಾದರು. ಯಾರನ್ನೂ ಹಾಕಿಲ್ಲವೆಂದರೆ ಅವಮಾನವೂ ಇಲ್ಲವಲ್ಲ.

ಧಣಿಯ ಮುಖ ಮಾತ್ರ ಕಪ್ಪಿಟ್ಟಿತು. "ಮತ್ತ ಹೋತೇನು? ಸಾಹೇಬ್ರ!"

ಚಾಚಾ ಎದ್ದು ನಿಂತರು. ಸುಳ್ಳು ಹೇಳುವ ಮನುಷ್ಯರಲ್ಲ. "ಹೌದು ಧಣಿ, ನಾನ..." ಎಂದು ಶುರುಮಾಡಿದರು.

ಕುರ್ಚಿ ನನ್ನ ಕೈಯಳತೆಯಲ್ಲಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಜೀವಮಾನದಲ್ಲಿ ನನಗೆ ಬಾಯಿ ಮುಚ್ಚಿಕೊಂಡಿರಲು ಬಂದಿದ್ದರೆ ತಾನೇ?

"ಅವರದೇನೂ ತಪ್ಪಿಲ್ರಿ," ಎಂದೆ, ಬೇಕಾದುದಕ್ಕಿಂತ ಜೋರಾಗಿ. "ಹುಳಾನೂ ಇಲ್ಲ, ಮಣ್ಣೂ ಇಲ್ಲ. ನಾನ ತಪ್ಪು ಹೇಳಿಕೊಟ್ಟೀನಿ. ಇಷ್ಟೂ ಕಾರ್ಡ್ ಹೋಗಿದ್ದು ನನ್ನಿಂದ."

ಮೌಸ್ ಹಿಡಿದು ಹಾಳೆ ಮುಚ್ಚಿದೆ. ಬದಲಾವಣೆ ಉಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಪುಣ್ಯಕ್ಕೆ ಚಾಚಾ ಇನ್ನೂ ಸೇವ್ ಒತ್ತಿರಲಿಲ್ಲ. ಬೇಡವೆಂದೆ. ಮತ್ತೆ ತೆರೆದೆ. ಅಜ್ಜಂದಿರು, ಮಾವಂದಿರು, ಬೀಗರು ಎಲ್ಲರೂ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು. ಕೂಡಲೇ ಚಿಗಟೇರಿ ಮಾವನ ಸಿಟ್ಟೂ ವಾಪಸು ಬಂತು. ಚಾಚಾ ಕೂತು, ಪಟ್ಟಿಯ ನೆತ್ತಿಯ ಮೇಲೆ, ಎಲ್ಲರಿಗಿಂತ ದಪ್ಪ ಅಕ್ಷರದಲ್ಲಿ, ಮಾವನ ಹೆಸರು ಒತ್ತಿ ಪ್ರೂಫ್ ತೆಗೆದು ಕೈಗಿಟ್ಟರು. ಚಹಾ ಬರುವಷ್ಟು ಹೊತ್ತೂ ಹಿಡಿಯಲಿಲ್ಲ. ಮಾವ ಹಾಳೆಯನ್ನು ತೋಳಿನಷ್ಟು ದೂರ ಹಿಡಿದು ಓದಿ, ಮೀಸೆ ಇಳಿಸಿ, "ಹ್ಞಾಂ, ಇದು ಮದುವಿ ಕಾರ್ಡು" ಎಂದರು.

ಧಣಿ ಚಾಚಾ ಅವರ ಕೈಗಳನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು. "ತಪ್ಪು ಕಲಿಸಿದ್ರೂ ಇಷ್ಟು ಕಲ್ತಾರ ಅಂದ್ರ..." ಎಂದು ನಿಲ್ಲಿಸಿದರು. ಕುರ್ಚಿ ಯಾರದೆಂದು ನನಗೆ ಗೊತ್ತಾಯಿತು.

ಗಿರಾಕಿಗಳು ಹೋದ ಮೇಲೆ ಚಾಚಾಗೆ ಎಲ್ಲ ಬಿಡಿಸಿ ಹೇಳಿದೆ. ಈ ಯಂತ್ರದಲ್ಲಿ ಅಕ್ಷರ ಮುಗಿಯುವುದಿಲ್ಲ ಎಂದೆ. ನಂಬಲಿಲ್ಲ. ಟ ಒತ್ತಿನ ಗುಂಡಿಗಳನ್ನು ಒತ್ತುತ್ತ, ಒತ್ತಿದ್ದನ್ನು ಮತ್ತೆ ಮತ್ತೆ ಕಾಪಿ ಮಾಡುತ್ತ ಒಂದು ಹಾಳೆ ತುಂಬಿಸಿದೆ, ಎರಡು ತುಂಬಿಸಿದೆ, ಮೂರನೆಯದು ಶುರುವಾಯಿತು. ಅವರು ಚಡಪಡಿಸಿ ನನ್ನ ಕೈ ತಡೆದರು. "ಸಾಕು ಬೇಟಿ, ಸಾಕು. ದಂಡ ಮಾಡಬ್ಯಾಡ."

ಆಮೇಲೆ ಕೇಳಿದರು: "ಇಟ್ಟಕೊಳ್ಳೋದು ಇತ್ತು ಅಂದ್ರ ದಾರ ಯಾಕ ಕೊಡಲಿಲ್ಲ ನೀನು?"

"ಯಾವ ದಾರ?"

ಅವರು ನನ್ನನ್ನು ಪ್ರೆಸ್ಸಿನ ಹಿಂದಿನ ಕಪಾಟಿಗೆ ಕರೆದೊಯ್ದರು. ಅಲ್ಲಿ ರಸೀದಿ ಪುಸ್ತಕ, ಅರ್ಜಿ ಫಾರಂ ಮುಂತಾಗಿ ಮತ್ತೆ ಮತ್ತೆ ಅಚ್ಚಾಗುವಂಥವನ್ನು ಬಿಚ್ಚದೆ, ಸುತ್ತ ದಾರ ಬಿಗಿದು, ಕಾಗದದಲ್ಲಿ ಸುತ್ತಿ ಇಟ್ಟಿದ್ದರು. ಬಿಚ್ಚಬಾರದ್ದಕ್ಕೆ ದಾರ. ದಾರವಿಲ್ಲದ್ದು ಕೇಸಿಗೆ. ಎರಡು ದಿನ ಸ್ಟೂಲಿನ ಮೇಲೆ ಕೂತು ನೋಡಿದ ನಾನು ಕಪಾಟಿನ ಬಾಗಿಲು ತೆಗೆದಿರಲಿಲ್ಲ. ಯಾವ ಕೋರ್ಸಿನಲ್ಲೂ ನನಗೆ ಇಷ್ಟು ಸ್ಪಷ್ಟವಾಗಿ ಯಾರೂ ತಪ್ಪು ತೋರಿಸಿಕೊಟ್ಟಿರಲಿಲ್ಲ.

ಅಂದೇ ಐದನೆಯ ಖಾನೆ ಮಾಡಿದೆ. "ದಾರ ಕಟ್ಟಿದ್ದು" ಎಂದು ಬರೆದು, ಸುತ್ತ ದಾರದ ಗಂಟೊಂದರ ಚಿತ್ರ ಬಿಡಿಸಿದೆ. ಮೌಸಿನಲ್ಲಿ ಬಿಡಿಸಿದ್ದು, ಜಿಲೇಬಿಯಂತೆ ಬಂತು. ಅದಾದ ಮೇಲೆ ನಾನಿದ್ದಷ್ಟು ದಿನ ಒಂದು ಕಾರ್ಡೂ ಕಳೆಯಲಿಲ್ಲ. ಮದುವೆ ಮುಗಿಯುವವರೆಗೆ ದಾರ. ಮುಗಿದ ಮರುದಿನ ಚಾಚಾ ಅದನ್ನು ಅಲ್ಲಿಂದ ತೆಗೆದು, ನಿಧಾನವಾಗಿ, ಗುನುಗುತ್ತ ಬಿಚ್ಚುತ್ತಿದ್ದರು. ಬಿಚ್ಚಬೇಕಿಲ್ಲ ಎಂದು ಹೇಳುವುದನ್ನು ನಾನೂ ಬಿಟ್ಟೆ. ಅದು ಅವರ ಸಂತೋಷ.

ಯುಗಾದಿಗೆ ಕೆಲಸ ಬಿಟ್ಟು ಮನೆಗೆ ಬಂದೆ. ಬಸ್ಸಿನಲ್ಲಿ ಅತ್ತುಬಿಟ್ಟೆ, ಯಾಕೆ ಮುಚ್ಚಿಡಲಿ. ಅಪ್ಪ ಗಂಡು ಹುಡುಕುವಷ್ಟರಲ್ಲಿ ನಮ್ಮೂರಿನಲ್ಲೇ ಕಂಪ್ಯೂಟರ್ ಕ್ಲಾಸಿನಲ್ಲಿ ಕೆಲಸ ಸಿಕ್ಕಿತು, ಎರಡು ವರ್ಷಕ್ಕೆ ಹಡಗಲಿಗೆ ಮದುವೆಯೂ ಆಯಿತು. ಕಾರ್ಡ್ ಮಾಡಿದ್ದು ಚಾಚಾ. ನಮ್ಮ ಮಾವಂದಿರಲ್ಲಿ ಒಬ್ಬರೂ ಬಿಟ್ಟುಹೋಗಲಿಲ್ಲ.

ಮದುವೆಯಾಗಿ ನಾಲ್ಕು ವರ್ಷದ ಮೇಲೆ ಒಮ್ಮೆ ಕೊಟ್ಟೂರಿಗೆ ಹೋದಾಗ ಪ್ರೆಸ್ಸಿಗೆ ಹೋದೆ. ಕಂಪ್ಯೂಟರ್ ಹೊಸದು, ಪರದೆ ಮಾತ್ರ ಅದೇ. ಮರದ ಬಣ್ಣ, ಐದು ಖಾನೆ, ಜಿಲೇಬಿ. ಚಾಚಾ ಚಹಾ ತರಿಸಲು ಹೊರಗೆ ಹೋದಾಗ ನಾನು ಸುಮ್ಮನಿರಲಾರದೆ ಕುರ್ಚಿಯಲ್ಲಿ ಕೂತು "ದಾರ ಕಟ್ಟಿದ್ದು" ತೆರೆದೆ. ರಸೀದಿ ಪುಸ್ತಕಗಳು, ಫಾರಂಗಳು, ಮುಂದಿನ ತಿಂಗಳ ಎರಡು ಮದುವೆ. ಕೊನೆಯಲ್ಲಿ ನನ್ನ ಮದುವೆಯ ಕಾರ್ಡ್.

ತೆರೆದೆ. ಪೂರ್ತಿ ಇತ್ತು. ಪಟ್ಟಿಯಲ್ಲಿ ಮಾವಂದಿರೆಲ್ಲ ಮುಗಿದ ಮೇಲೆ, ಅಚ್ಚಾದ ಕಾರ್ಡಿನಲ್ಲಿ ಇಲ್ಲದ ಒಂದು ಸಾಲಿತ್ತು, ಎಲ್ಲರಿಗಿಂತ ಸಣ್ಣ ಅಕ್ಷರದಲ್ಲಿ: "ಹಾಗೂ ಮೊಳೆ ಜೋಡಿಸುವ ಚಾಚಾ, ಕೊಟ್ಟೂರು."

ಅವರು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ನೋಡಿದ್ದನ್ನು ನೋಡಿದರು.

"ಅಚ್ಚಾದ ಮ್ಯಾಲ ಹಾಕಿದ್ದು, ಬಿಡು," ಎಂದರು, ಚಹಾ ಕೆಳಗಿಟ್ಟು ಕನ್ನಡಕ ಒರೆಸಿಕೊಳ್ಳುತ್ತ. "ಮೊಳಿ ಹೆಂಗೂ ಮುಗಿಯಂಗಿಲ್ಲ ಅಂದಿದ್ದಿಯಲ್ಲ. ಅದಕ್ಕ ಒಂದು ಸಾಲು ಖರ್ಚು ಮಾಡೀನಿ."

ಕುರ್ಚಿಯಿಂದ ಎದ್ದು ಅವರನ್ನು ಕೂರಿಸಿ, ಬಿಟ್ಟುಹೋದ ಮಾವನ ಹೆಸರು ಸೇರಿದೆ, ಒಂದು ಪ್ರತಿ ತೆಗೆದುಕೊಡಿ ಎಂದೆ. ಅವರು ನೋಡದೆಯೇ "ಪ್ರೂಫ್" ಒತ್ತಿದರು.